ಗಂಟಿನ ಅಂಚನ್ನು ತೋರುವ ಬೆಳಕು

ಗದ್ವಾಲಿನ ಸೀರೆಯನ್ನು ಬಲ್ಲ ನಮ್ಮ ಸೋದರಿಯರಿಗೆ ಅದರ ಅಂಚಿನ ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಡಲು ಹತ್ತಿಯ ನೂಲಿನದು; ಅಂಚು ಸೆರಗುಗಳು ರೇಷ್ಮೆಯವು. ಇವೆರಡೂ ಕೂಡುವ ಎಡೆಯಲ್ಲಿ ಹೊಕ್ಕಿನ ಎಳೆಗಳನ್ನು ಒಂದರೊಳಗೊಂದು ಸಿಲುಕಿಸಿ ನೇಯುವುದರಿಂದ ಅಲ್ಲಿ ಹೊಲಿಗೆಯಿಲ್ಲ. ಆದರೂ ಹತ್ತಿ ಎಲ್ಲಿ ಮುಗಿಯಿತು, ರೇಷ್ಮೆ ಎಲ್ಲಿ ಮೊದಲಾಯಿತು ಎಂಬುದು ಕಣ್ಣಿಗೂ ಬೆರಳಿಗೂ ತಿಳಿಯುತ್ತದೆ. ಏಕೆಂದರೆ ಅವುಗಳ ಬಣ್ಣ ಬೇರೆ, ಹೊಳಪು ಬೇರೆ. ಈಗ ಹೀಗೊಂದು ಸೀರೆಯನ್ನು ಭಾವಿಸಿಕೊಳ್ಳಿ. ಒಡಲೂ ಅಂಚೂ ಒಂದೇ ಬಣ್ಣದವು, ಒಂದೇ ಹೊಳಪಿನವು. ರೇಷ್ಮೆಯ ಕೆಲವು ಎಳೆಗಳು ಅಂಚನ್ನು ಮೀರಿ ಹತ್ತಿಯ ಒಡಲಿನೊಳಕ್ಕೆ ಅಲ್ಲೊಂದು ಇಲ್ಲೊಂದು ನುಸುಳಿವೆ. ನಿಮ್ಮ ಕೈಗೆ ಕತ್ತರಿಯನ್ನು ಕೊಟ್ಟು, ರೇಷ್ಮೆಯ ಒಂದೆಳೆಯೂ ಉಳಿಯಕೂಡದು, ಹತ್ತಿಯೂ ವ್ಯರ್ಥವಾಗಿ ಹೋಗಕೂಡದು, ಹಾಗೆ ಕತ್ತರಿಸಿರಿ ಎಂದು ಹೇಳಿದ್ದಾರೆ. ಸ್ತನದ ಏಡಿಗಂತಿಯನ್ನು, ಎಂದರೆ ಕ್ಯಾನ್ಸರಿನ ಗಂಟನ್ನು, ಕೊಯ್ದು ತೆಗೆಯುವ ಶಸ್ತ್ರವೈದ್ಯರ ಸ್ಥಿತಿ ಬಹುಮಟ್ಟಿಗೆ ಇದೇ ಆಗಿದೆ.

ಈ ವಿಷಯವನ್ನು ಈ ತಿಂಗಳು ಎತ್ತಿಕೊಳ್ಳಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದ್ದರು. ಹತ್ತು ಹನ್ನೆರಡು ದಿನಗಳಾದ ಮೇಲೆ, ಪರೀಕ್ಷೆಯ ವರದಿ ಬಂದಿದೆ, ಅಂಚಿನಲ್ಲಿ ಇನ್ನೂ ರೋಗ ಉಳಿದಿದೆ, ಮತ್ತೊಮ್ಮೆ ಕೊಯ್ಯಬೇಕು ಎಂದು ಅಲ್ಲಿಂದ ಕರೆ ಬಂದಿತು. ನೋಡಿ ಮಾತನಾಡಿಸಿ ಬರಲು ಹೋದ ನನ್ನನ್ನು ಆಕೆ ಕೇಳಿದರು: "ಒಂದ್ಸಲ ಕೊಯ್ದಾಗ ಎಲ್ಲಾ ತೆಗದಿಲ್ಲೇನ್ರೀ ಮಾಸ್ತರ್ರ? ಅವರ ಕಣ್ಣಿಗಿ ಕಾಣಲಿಲ್ಲೇನು?" ಮನೆಯ ಗಂಡಸರು ವೈದ್ಯರ ಮೇಲೆ ಸಿಟ್ಟಾಗಿದ್ದರು. ಮಗ್ಗ ನಿಂತಿತ್ತು, ಸಾಲ ಬೆಳೆದಿತ್ತು. ಸಿಟ್ಟು ಬರುವುದು ಸಹಜವೇ. ಆದರೆ ಆಕೆಯ ಪ್ರಶ್ನೆಗೆ ನೇರವಾದ ಉತ್ತರವೆಂದರೆ, ಹೌದು, ಕಣ್ಣಿಗೆ ಕಾಣಲಿಲ್ಲ ಎಂಬುದೇ. ಅದು ಅಲಕ್ಷ್ಯದಿಂದ ಆದುದಲ್ಲ. ಮನುಷ್ಯನ ಕಣ್ಣಿಗೆ ಅದು ಕಾಣುವಂಥದೇ ಅಲ್ಲ.

ಮುಂದುವರಿಯುವ ಮೊದಲು ಒಂದು ಮಾತು. ಕುಟುಂಬದವರೆಲ್ಲ ಓದುವ ಮಾಸಪತ್ರಿಕೆಯಲ್ಲಿ ಈ ಅವಯವದ ಹೆಸರನ್ನು ಇಷ್ಟು ಸಲ ಅಚ್ಚು ಮಾಡಬೇಕೆ ಎಂದು ಕೆಲವು ಹಿರಿಯರಿಗೆ ಸಂಕೋಚವಾಗಬಹುದು. ಮಗುವಿಗೆ ಮೊದಲ ಆಹಾರವನ್ನು ಕೊಡುವ ಅವಯವದ ಹೆಸರಿಗೆ ನಾಚುವುದೇಕೆ? ಭಾರತದ ಹೆಣ್ಣುಮಕ್ಕಳಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಇದೇ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಂದಿಗೆ ಇದು ಹೊಸದಾಗಿ ತಗುಲಿತು. ಸುಮಾರು 98 ಸಾವಿರ ಮಂದಿ ಇದರಿಂದ ತೀರಿಕೊಂಡರು. ಇಂಥ ವಿಷಯದಲ್ಲಿ ಪಿಸುಮಾತು ಸಲ್ಲದು.

ಹಿಂದೊಂದು ಕಾಲದಲ್ಲಿ ಅಂಚಿನ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು 1894ರಲ್ಲಿ ವಿವರಿಸಿದ ವಿಧಾನವು ಮುಂದಿನ ಮುಕ್ಕಾಲು ಶತಮಾನದವರೆಗೆ ಪ್ರಪಂಚವನ್ನು ಆಳಿತು. ಗಂಟು ಎಷ್ಟೇ ಚಿಕ್ಕದಿರಲಿ, ಇಡೀ ಸ್ತನವನ್ನೂ ಅದರ ಅಡಿಯ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೇ ಕಿತ್ತು ತೆಗೆಯುವುದು ಆ ವಿಧಾನ. ಬದುಕಿ ಉಳಿದ ಹೆಂಗಸಿನ ಎದೆ ಗುಳಿ ಬೀಳುತ್ತಿತ್ತು. ತೋಳು ಊದಿಕೊಂಡು ಮೇಲೆತ್ತಲಾಗದಂತಾಗುತ್ತಿತ್ತು. ಹೆಚ್ಚು ಕೊಯ್ದರೆ ಹೆಚ್ಚು ಸುರಕ್ಷಿತ ಎಂಬ ಈ ನಂಬಿಕೆಯನ್ನು ಇಬ್ಬರು ಪರೀಕ್ಷೆಗೆ ಒಡ್ಡಿದರು: ಇಟಲಿಯ ಮಿಲಾನಿನಲ್ಲಿ ಉಂಬರ್ಟೋ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್. ಗಂಟನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದು, ಉಳಿದ ಸ್ತನಕ್ಕೆ ವಿಕಿರಣ ಚಿಕಿತ್ಸೆಯನ್ನು ಕೊಟ್ಟರೆ ಏನಾಗುತ್ತದೆ ಎಂದು ಅವರು ನೂರಾರು ಹೆಂಗಸರಲ್ಲಿ ಹೋಲಿಸಿ ನೋಡಿದರು. ವೆರೊನೇಸಿಯವರ ಮೊದಲ ಫಲಿತಾಂಶ 1981ರಲ್ಲಿ ಪ್ರಕಟವಾಯಿತು, ಫಿಶರ್ ಅವರದು 1985ರಲ್ಲಿ. ಇಬ್ಬರೂ ತಮ್ಮ ರೋಗಿಗಳನ್ನು ಬಿಡದೆ ಇಪ್ಪತ್ತು ವರ್ಷ ಗಮನಿಸಿ 2002ರಲ್ಲಿ ಮತ್ತೆ ಬರೆದರು: ಪೂರ್ತಿ ತೆಗೆಸಿಕೊಂಡವರಿಗೂ ಸ್ವಲ್ಪವೇ ತೆಗೆಸಿಕೊಂಡವರಿಗೂ ಆಯುಸ್ಸಿನಲ್ಲಿ ವ್ಯತ್ಯಾಸವಿಲ್ಲ. ಹೆಂಗಸರ ಪಾಲಿಗೆ ಇದಕ್ಕಿಂತ ದೊಡ್ಡ ಬಿಡುಗಡೆ ಶಸ್ತ್ರವೈದ್ಯದ ಇತಿಹಾಸದಲ್ಲಿ ಹೆಚ್ಚಿಲ್ಲವೆಂದು ನನ್ನ ಭಾವನೆ.

ಆದರೆ ಈ ಬಿಡುಗಡೆಯ ಜೊತೆಗೇ ಅಂಚಿನ ಸಮಸ್ಯೆಯೂ ಹುಟ್ಟಿತು. ಎಲ್ಲವನ್ನೂ ತೆಗೆಯುವವನಿಗೆ ಗಡಿ ಬೇಕಿಲ್ಲ. ಸ್ವಲ್ಪವನ್ನೇ ತೆಗೆಯುವವನಿಗೆ ಗಡಿ ಬೇಕೇ ಬೇಕು. ಏಡಿಗಂತಿ ಎಂಬ ಹೆಸರೇ ಹೇಳುವಂತೆ ಈ ಗಂಟು ಏಡಿಯ ಕಾಲುಗಳಂತೆ ಸುತ್ತಲೂ ಸಣ್ಣ ಸಣ್ಣ ಚಾಚುಗಳನ್ನು ಬಿಟ್ಟಿರುತ್ತದೆ. ನಡುವಿನ ಗಟ್ಟಿ ಭಾಗ ಶಸ್ತ್ರವೈದ್ಯರ ಬೆರಳಿಗೆ ಸಿಕ್ಕುತ್ತದೆ. ಕೂದಲೆಳೆಗಿಂತ ಸೂಕ್ಷ್ಮವಾದ ಚಾಚುಗಳು ಸಿಕ್ಕುವುದಿಲ್ಲ. ಆದುದರಿಂದ ಅವರು ಬೆರಳಿಗೆ ಸಿಕ್ಕಿದ್ದಕ್ಕಿಂತ ಸ್ವಲ್ಪ ಹೊರಗೆ, ಅನುಭವವನ್ನು ನಂಬಿ ಕೊಯ್ಯುತ್ತಾರೆ.

ಕೊಯ್ದು ತೆಗೆದ ತುಂಡಿನ ಹೊರಮೈಗೆ ಬಣ್ಣದ ಶಾಯಿಯನ್ನು ಬಳಿಯುತ್ತಾರೆ. ಅದನ್ನು ರಾಸಾಯನಿಕ ದ್ರವದಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ತೆಳುವಾದ ಹಾಳೆಗಳಾಗಿ ಕತ್ತರಿಸಿ, ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಯಾನ್ಸರಿನ ಜೀವಕೋಶ ಶಾಯಿಯನ್ನು ಮುಟ್ಟಿದ್ದರೆ, ಕತ್ತಿ ಹಾದುಹೋದ ದಾರಿಯಲ್ಲೇ ರೋಗವಿತ್ತು, ಆಚೆ ಬದಿಯಲ್ಲಿ ಇನ್ನೂ ಉಳಿದಿರಬಹುದು ಎಂದರ್ಥ. ಶಾಯಿಗೆ ಗಂಟು ತಾಗಿರದಿದ್ದರೆ ಸಾಕು ಎಂಬುದು ಹಬ್ಬುವ ಜಾತಿಯ ಸ್ತನ ಕ್ಯಾನ್ಸರಿಗೆ ಅಮೆರಿಕದ ತಜ್ಞರು 2014ರಲ್ಲಿ ಒಪ್ಪಿಕೊಂಡ ನಿಯಮ. ಈ ಎಲ್ಲ ಕೆಲಸಕ್ಕೆ ಹಲವು ದಿನಗಳು ಹಿಡಿಯುತ್ತವೆ. ಅಷ್ಟರಲ್ಲಿ ರೋಗಿಯ ಗಾಯವನ್ನು ಹೊಲಿದು ಮನೆಗೆ ಕಳಿಸಿರುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿಯೂ, ಹೀಗೆ ಸ್ತನವನ್ನು ಉಳಿಸಿ ಗಂಟನ್ನು ತೆಗೆಸಿಕೊಂಡ ಐವರಲ್ಲಿ ಸುಮಾರು ಒಬ್ಬರು ಎರಡನೆಯ ಸಲ ಮೇಜಿನ ಮೇಲೆ ಮಲಗಬೇಕಾಗುತ್ತಿತ್ತು ಎಂಬುದನ್ನು ಗಮನಿಸಿದರೆ, ನಮ್ಮ ಆ ತಾಯಿಯ ಪ್ರಶ್ನೆ ಒಬ್ಬರ ಪ್ರಶ್ನೆಯಲ್ಲವೆಂಬುದು ಮನದಟ್ಟಾದೀತು.

ಹಾಗಾದರೆ ರೋಗಿ ಮೇಜಿನ ಮೇಲಿರುವಾಗಲೇ ನೋಡಬಾರದೆ? ನೋಡುವುದುಂಟು. ತುಂಡನ್ನು ಕೂಡಲೇ ಹೆಪ್ಪುಗಟ್ಟಿಸಿ, ಹಾಳೆ ಕತ್ತರಿಸಿ, ಅರ್ಧ ಗಂಟೆಯಲ್ಲಿ ಹೇಳುವ ಪದ್ಧತಿ ದೊಡ್ಡ ಆಸ್ಪತ್ರೆಗಳಲ್ಲಿದೆ. ಆದರೆ ಸ್ತನದ ಬಹುಭಾಗ ಕೊಬ್ಬು. ಕೊಬ್ಬು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಹಾಳೆ ಹರಿಯುತ್ತದೆ. ಮೇಲಾಗಿ ನುರಿತ ತಜ್ಞರೊಬ್ಬರು ಪಕ್ಕದ ಕೊಠಡಿಯಲ್ಲಿ ಸಿದ್ಧರಾಗಿ ಕುಳಿತಿರಬೇಕು. ಬೇಕಾದುದು ಬೇರೆಯೇ ಒಂದು ಉಪಾಯ: ತುಂಡನ್ನು ಕತ್ತರಿಸದೆ, ಬಣ್ಣ ಹಾಕದೆ, ಮುಟ್ಟಿದ ಕ್ಷಣದಲ್ಲೇ 'ಇದು ಒಳ್ಳೆಯದು, ಇದು ಕೆಟ್ಟದ್ದು' ಎಂದು ಹೇಳುವಂಥದು. ಆ ಉಪಾಯದ ಬೇರು ಹೊರದೇಶದಲ್ಲಿಲ್ಲ. ನಮ್ಮ ದೇಶದಲ್ಲೇ, ನೂರು ವರ್ಷಗಳ ಸಮೀಪಕ್ಕೆ ಬಂದ ಒಂದು ಶೋಧದಲ್ಲಿದೆ.

ಸರ್ ಸಿ. ವಿ. ರಾಮನ್ ಅವರ ಹೆಸರನ್ನು ಕೇಳದವರಿಲ್ಲ. 1921ರಲ್ಲಿ ಇಂಗ್ಲೆಂಡಿಗೆ ಹೋಗಿ ಹಡಗಿನಲ್ಲಿ ಮರಳುತ್ತಿದ್ದಾಗ, ಕಡಲಿನ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂಬ ಅಂದಿನ ವಿವರಣೆ ಅವರಿಗೆ ಒಪ್ಪಿಗೆಯಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚೆದರಿಸುತ್ತವೆ ಎಂದು ಅವರು ತೋರಿಸಿದರು. ಅಲ್ಲಿಂದ ಆರಂಭವಾದ ಹುಡುಕಾಟ ಕಲ್ಕತ್ತೆಯ ಭಾರತೀಯ ವಿಜ್ಞಾನ ಪ್ರೋತ್ಸಾಹಕ ಸಂಘದ ಪ್ರಯೋಗಶಾಲೆಯಲ್ಲಿ, ಶಿಷ್ಯ ಕೆ. ಎಸ್. ಕೃಷ್ಣನ್ ಅವರೊಡನೆ, 1928ರ ಫೆಬ್ರುವರಿ 28ರಂದು ಫಲ ಕೊಟ್ಟಿತು. ಕನ್ನಡಿಗರು ನೆನಪಿಡಬೇಕಾದ ಸಂಗತಿಯೆಂದರೆ, ಈ ಹೊಸ ವಿಕಿರಣದ ವಿಷಯವಾಗಿ ಅವರು ತಮ್ಮ ಪ್ರಸಿದ್ಧ ಉಪನ್ಯಾಸವನ್ನು ಕೊಟ್ಟದ್ದು ಅದೇ ವರ್ಷದ ಮಾರ್ಚ್ 16ರಂದು, ಬೆಂಗಳೂರಿನಲ್ಲಿ. 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು; 1933ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದು ಕೊನೆಯವರೆಗೆ ಆ ಊರಿನಲ್ಲೇ ನೆಲಸಿದರು.

ಈ ಶೋಧವನ್ನು ನಮ್ಮ ಶಾಲೆಯ ಮಕ್ಕಳಿಗೆ ನಾನು ಎರಡು ಹೋಲಿಕೆಗಳಿಂದ ತಿಳಿಸುವುದುಂಟು. ಚೆಂಡನ್ನು ಗಟ್ಟಿ ಗೋಡೆಗೆ ಎಸೆದರೆ ಎಸೆದ ವೇಗದಲ್ಲೇ ಹಿಂತಿರುಗುತ್ತದೆ. ತೂಗುಹಾಕಿದ ತೊಟ್ಟಿಲಿಗೆ ಎಸೆದರೆ ತೊಟ್ಟಿಲು ತೂಗತೊಡಗುತ್ತದೆ. ಅಷ್ಟು ಶಕ್ತಿಯನ್ನು ಕಳೆದುಕೊಂಡ ಚೆಂಡು ನಿಧಾನವಾಗಿ ಮರಳುತ್ತದೆ. ಎಷ್ಟು ನಿಧಾನವಾಯಿತು ಎಂಬುದನ್ನು ಅಳೆದರೆ ತೊಟ್ಟಿಲನ್ನು ನೋಡದೆಯೇ ಅದು ಹೇಗೆ ತೂಗಿತೆಂದು ಹೇಳಬಹುದು. ಬೆಳಕು ಅಣುವಿಗೆ ಬಡಿದಾಗಲೂ ಹಾಗೆಯೇ. ಬಹುಪಾಲು ಬೆಳಕು ಬಣ್ಣ ಬದಲಿಸದೆ ಮರಳುತ್ತದೆ. ಕೋಟಿ ಕಣಗಳಲ್ಲಿ ಒಂದೆರಡು ಮಾತ್ರ ಅಣುವನ್ನು ಅಲುಗಿಸಿ, ತಮ್ಮ ಶಕ್ತಿಯನ್ನು ಕಳೆದುಕೊಂಡು, ಬಣ್ಣವನ್ನು ತುಸು ಕೆಂಪಿನ ಕಡೆಗೆ ಬದಲಿಸಿಕೊಂಡು ಬರುತ್ತವೆ. ಇದೇ ರಾಮನ್ ಪರಿಣಾಮ.

ಇನ್ನೊಂದು ಹೋಲಿಕೆ ನಮ್ಮ ಸಂತೆಯದು. ಮಡಕೆ ಕೊಳ್ಳುವ ಹೆಂಗಸು ಅದನ್ನು ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾಳೆ. ಚೆನ್ನಾಗಿ ಸುಟ್ಟ ಮಡಕೆಯ ದನಿ ಬೇರೆ, ಹಸಿ ಉಳಿದುದರ ದನಿ ಬೇರೆ, ಸೀಳು ಬಿಟ್ಟುದರ ದನಿಯೇ ಬೇರೆ. ಒಡೆದು ನೋಡುವ ಅಗತ್ಯವಿಲ್ಲ. ಪ್ರತಿಯೊಂದು ಅಣುವಿಗೂ ಹೀಗೆ ತನ್ನದೇ ಆದ ಅಲುಗಾಟದ ದನಿಗಳಿವೆ. ಕೊಬ್ಬಿನದು ಒಂದು ಬಗೆ, ಪ್ರೋಟೀನಿನದು ಇನ್ನೊಂದು ಬಗೆ. ಮರಳಿ ಬಂದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಪಟ್ಟಿಯಾಗಿ ಹರಡಿದಾಗ ಆ ದನಿಗಳೆಲ್ಲ ಗೆರೆಗಳಾಗಿ ಮೂಡುತ್ತವೆ. ಮುಮ್ಮೂಲೆಯ ಗಾಜಿನ ಪಟ್ಟಕದಿಂದ ಬಿಸಿಲನ್ನು ಹಾಯಿಸಿದಾಗ ಗೋಡೆಯ ಮೇಲೆ ಕಾಣುವ ಬಣ್ಣಗಳ ಪಟ್ಟಿಯನ್ನು ನಮ್ಮ ಪಠ್ಯಪುಸ್ತಕಗಳು ರೋಹಿತವೆಂದು ಕರೆಯುತ್ತವೆ. ಅದರಂತೆಯೇ ಇದು ರಾಮನ್ ರೋಹಿತ. ಇದನ್ನು ಓದುವ ವಿದ್ಯೆಗೆ ರೋಹಿತದರ್ಶನವೆಂದು ಹೆಸರು.

ರಾಮನ್ ಅವರ ಕಾಲದಲ್ಲಿ ಇಂಥ ಒಂದು ರೋಹಿತವನ್ನು ಛಾಯಾಚಿತ್ರದ ಫಲಕದ ಮೇಲೆ ಹಿಡಿಯಲು ಹಲವಾರು ಗಂಟೆ ಕಾಯಬೇಕಾಗಿತ್ತು. 1960ರಲ್ಲಿ ಲೇಸರ್ ಬಂದಿತು. ಮುಂದೆ ಕ್ಷೀಣವಾದ ಬೆಳಕನ್ನೂ ಎಣಿಸಬಲ್ಲ ಕಣ್ಣುಗಳನ್ನು, ಬೆಳಕನ್ನು ಬಾಗಿಸಿ ಒಯ್ಯುವ ಗಾಜಿನ ಎಳೆಗಳನ್ನು ಮಾಡಿದರು. ಗಂಟೆಗಳ ಕೆಲಸ ಕ್ಷಣಗಳಿಗೆ ಇಳಿಯಿತು. ಆಗ ವೈದ್ಯರ ದೃಷ್ಟಿ ಇತ್ತ ಹರಿಯಿತು.

ಸ್ತನದ ವಿಷಯದಲ್ಲಿ ಈ ವಿದ್ಯೆಗೆ ಪ್ರಕೃತಿಯೇ ಒಂದು ಅನುಕೂಲವನ್ನು ಒದಗಿಸಿದೆ. ಆರೋಗ್ಯವಾದ ಸ್ತನದಲ್ಲಿ ಕೊಬ್ಬು ಹೇರಳ. ಅದರ ರೋಹಿತವೆಲ್ಲ ಕೊಬ್ಬಿನ ಗೆರೆಗಳಿಂದ ತುಂಬಿರುತ್ತದೆ. ಆ ಕೊಬ್ಬಿನಲ್ಲಿ ನಾವು ತಿಂದ ಸೊಪ್ಪು, ಗಜ್ಜರಿಗಳಿಂದ ಬಂದ ಹಳದಿ ವರ್ಣದ್ರವ್ಯವೂ ಕರಗಿರುತ್ತದೆ. ಅದರ ಗೆರೆಯೂ ಎದ್ದು ಕಾಣುತ್ತದೆ. ಪುಂಡಿಪಲ್ಯ ಉಂಡದ್ದು ಲೇಸರಿನ ಕಣ್ಣಿಗೆ ಎದೆಯಲ್ಲಿ ಕಾಣುತ್ತದೆಂದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಮಾತು ಮಾತ್ರ ನಿಜ. ಕ್ಯಾನ್ಸರ್ ಬೆಳೆದ ಕಡೆ ಕೊಬ್ಬು ಹಿಂದೆ ಸರಿದು, ನಾರಿನಂಥ ಪ್ರೋಟೀನು, ಒತ್ತೊತ್ತಾದ ಜೀವಕೋಶಗಳು ತುಂಬುತ್ತವೆ; ಗೆರೆಗಳ ಎತ್ತರ ತಗ್ಗುಗಳು ಬದಲಾಗುತ್ತವೆ. ಕಷ್ಟ ಬರುವುದು ನಿರಪಾಯದ ಗಂಟುಗಳಲ್ಲಿ. ಅವುಗಳಲ್ಲೂ ಪ್ರೋಟೀನು ಹೆಚ್ಚು. ಅಲ್ಲಿ ಕಣ್ಣಳತೆ ಸಾಲದೆ ಗಣಿತದ ಸಹಾಯ ಬೇಕಾಗುತ್ತದೆ.

ನಮ್ಮ ಕರ್ನಾಟಕದಲ್ಲೇ, ಮಣಿಪಾಲದ ಲೇಸರ್ ರೋಹಿತದರ್ಶನ ಕೇಂದ್ರದ ವಿಜ್ಞಾನಿಗಳು ಅಲ್ಲಿಯ ವೈದ್ಯರೊಡನೆ ಸೇರಿ ಈ ಕೆಲಸವನ್ನು ಮಾಡಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸ್ತನದ ತುಂಡುಗಳ ಮೇಲೆ ಲೇಸರನ್ನು ಹಾಯಿಸಿ, ಆರೋಗ್ಯವಾದುದು, ನಿರಪಾಯದ್ದು, ಮಾರಕವಾದುದು ಎಂಬ ಮೂರನ್ನೂ ರಾಮನ್ ರೋಹಿತದಿಂದ ಬೇರ್ಪಡಿಸಬಹುದೆಂದು 2006ರಲ್ಲಿ ಪ್ರಕಟಿಸಿದರು. ಮುಂದೆ ಟಾಟಾ ಸ್ಮಾರಕ ಕೇಂದ್ರಕ್ಕೆ ಸೇರಿದ ನವಿ ಮುಂಬಯಿಯ ಖಾರ್ಘರ್ ಸಂಸ್ಥೆಯಲ್ಲಿ ಇಲಿಗಳ ಮೇಲೂ ಪ್ರಯೋಗಗಳಾದವು. ಇಲಿಯ ಚರ್ಮದ ಹೊರಗಿನಿಂದಲೇ ಒಳಗಿನ ಸ್ತನದ ಗಂಟನ್ನು ಬೆಳಕಿನಿಂದ ಓದಲು ಪ್ರಯತ್ನಿಸಿದರು. ಗಂಟನ್ನು ಕೊಯ್ದು ತೆಗೆಯುವ ಮೊದಲೂ ಆಮೇಲೂ ಇಲಿಯ ರಕ್ತದ ರಸವನ್ನು ರಾಮನ್ ರೋಹಿತದಲ್ಲಿ ಹೋಲಿಸಿ ನೋಡಿದರು.

ಮಣಿಪಾಲದ ಕೆಲಸ ದೇಹದಿಂದ ಹೊರತೆಗೆದ ತುಂಡುಗಳ ಮೇಲೆ ನಡೆದದ್ದು. ಬದುಕಿರುವ ಹೆಂಗಸಿನ ಗಾಯದೊಳಗೆ, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಅಳೆದ ವರದಿಯೊಂದು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ತಂಡದಿಂದ ಅದೇ 2006ರಲ್ಲಿ ಬಂದಿತು. ಒಂಬತ್ತು ಮಂದಿ ರೋಗಿಗಳು. ಗಂಟನ್ನು ತೆಗೆದ ಗುಳಿಯ ಗೋಡೆಗೆ ಪೆನ್ಸಿಲಿನಂಥ ಕಡ್ಡಿಯನ್ನು ತಾಗಿಸಿ, ಒಂದೊಂದು ಕಡೆ ಒಂದು ಸೆಕೆಂಡಿನಷ್ಟು ಹೊತ್ತು ಅಳೆದರು. ಶಸ್ತ್ರವೈದ್ಯರಿಗೆ ಆ ಅಳತೆಯ ಫಲವನ್ನು ಆಗ ತಿಳಿಸಲಿಲ್ಲ. ಪರೀಕ್ಷೆಯ ನಿಯಮವೇ ಹಾಗಿತ್ತು. ಆ ಒಂಬತ್ತು ಮಂದಿಯಲ್ಲಿ ಒಬ್ಬಾಕೆಯ ಗಾಯದಲ್ಲಿ, ಕಣ್ಣಿಗೆ ಏನೂ ಕಾಣದಿದ್ದ ಒಂದು ಜಾಗವನ್ನು ಬೆಳಕು ಕ್ಯಾನ್ಸರೆಂದು ಗುರುತಿಸಿತ್ತು. ಕೆಲ ದಿನಗಳ ಅನಂತರ ಸೂಕ್ಷ್ಮದರ್ಶಕವೂ ಅದನ್ನೇ ಹೇಳಿತು. ಆಕೆ ಎರಡನೆಯ ಶಸ್ತ್ರಚಿಕಿತ್ಸೆಗೆ ಮತ್ತೆ ಬರಬೇಕಾಯಿತು. ಅಂದೇ ಆ ಬೆಳಕಿನ ಮಾತನ್ನು ಕೇಳುವಂತಿದ್ದರೆ ಎರಡನೆಯದು ತಪ್ಪುತ್ತಿತ್ತೇನೋ ಎಂದು ಆ ಸಂಶೋಧಕರೇ ಬರೆದಿದ್ದಾರೆ. ಇದನ್ನು ಓದಿದಾಗ ನನಗೆ ನಮ್ಮೂರಿನ ಆ ತಾಯಿಯ ನೆನಪಾಗದೆ ಇರಲಿಲ್ಲ.

ಅಷ್ಟು ವರ್ಷಗಳಾದರೂ ಈ ಕಡ್ಡಿ ಏಕೆ ಎಲ್ಲೆಡೆ ಬಳಕೆಗೆ ಬರಲಿಲ್ಲ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಡ್ಡಿ ಒಂದು ಸಲಕ್ಕೆ ಒಂದು ಬಿಂದುವನ್ನಷ್ಟೇ ಓದುತ್ತದೆ. ಅದೂ ಸುಮಾರು ಒಂದು ಮಿಲಿಮೀಟರಿನ ಆಳದವರೆಗೆ. ನಿಂಬೆಯ ಗಾತ್ರದ ಗುಳಿಯ ಗೋಡೆಯಲ್ಲಿ ಅಂಥ ಬಿಂದುಗಳು ನೂರಾರು. ಎಲ್ಲಿ ತಾಗಿಸಲಿಲ್ಲವೋ ಅಲ್ಲೇ ರೋಗ ಅಡಗಿರಬಹುದು. ರಾಮನ್ ಬೆಳಕು ಬಹು ಕ್ಷೀಣವಾದುದರಿಂದ ಅಳೆಯುವಾಗ ಶಸ್ತ್ರಚಿಕಿತ್ಸೆಯ ಪ್ರಖರ ದೀಪಗಳನ್ನು ತಗ್ಗಿಸಬೇಕು. ರಕ್ತ ಅಡ್ಡ ಬಂದರೆ ಒರಸಬೇಕು.

ಈ ತೊಂದರೆಗೆ ಪರಿಹಾರವಾಗಿ ಇನ್ನೊಂದು ದಾರಿಯನ್ನು ಹಿಡಿದವರುಂಟು: ಗಂಟಿಗೇ ದೀಪ ಹಚ್ಚುವ ದಾರಿ. ಇಂಡೋಸಯನೀನ್ ಹಸಿರು ಎಂಬ ಬಣ್ಣದ ಮದ್ದು 1959ರಿಂದಲೂ ವೈದ್ಯರ ಬಳಕೆಯಲ್ಲಿದೆ. ಅದನ್ನು ರಕ್ತನಾಳದಲ್ಲಿ ಚುಚ್ಚಿದರೆ, ಕ್ಯಾನ್ಸರ್ ಗಂಟಿನ ರಕ್ತನಾಳಗಳು ಸೋರುವಂಥವಾದ್ದರಿಂದ ಅಲ್ಲಿ ಹೆಚ್ಚಾಗಿ ನಿಂತುಕೊಳ್ಳುತ್ತದೆ. ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕನ್ನು ಬಿಟ್ಟರೆ ತಾನೂ ಅಂಥದೇ ಬೆಳಕಿನಿಂದ ಹೊಳೆಯುತ್ತದೆ. ಕ್ಯಾಮರಾ ಅದನ್ನು ಪರದೆಯ ಮೇಲೆ ತೋರಿಸುತ್ತದೆ. ಅಮೆರಿಕದ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ತಂಡ 2010ರಲ್ಲಿ ಕೈಯಲ್ಲಿ ಹಿಡಿಯುವ ರೋಹಿತದ ಲೇಖನಿಯೊಂದನ್ನು ರಚಿಸಿ, ಈ ಹೊಳಪನ್ನೂ ರಾಮನ್ ಬೆಳಕನ್ನೂ ಎರಡನ್ನೂ ಅಳೆಯುವಂತೆ ಮಾಡಿ, ಸ್ತನ ಕ್ಯಾನ್ಸರಿನ ಇಲಿಗಳಲ್ಲಿ ಗಂಟಿನ ಅಂಚನ್ನು ಗುರುತಿಸಿತು. ಹೊಳೆಯುವ ಮದ್ದಿನ ಇನ್ನೊಂದು ಬಗೆಗೆ, ಸ್ತನದ ಗಂಟನ್ನು ತೆಗೆದ ಮೇಲೆ ಗುಳಿಯಲ್ಲಿ ಉಳಿದುದನ್ನು ಹುಡುಕುವ ಸಲುವಾಗಿಯೇ, ಅಮೆರಿಕದ ಸರ್ಕಾರ 2024ರ ಏಪ್ರಿಲಿನಲ್ಲಿ ಒಪ್ಪಿಗೆ ಕೊಟ್ಟಿತು. ಪೆಗುಲಿಸಯನೀನ್ ಎಂಬುದು ಅದರ ಹೆಸರು. ಕೆಲವರಿಗೆ ಅದು ಜೀವಕ್ಕೆ ಅಪಾಯ ತರುವಷ್ಟು ಒಗ್ಗದೆ ಹೋಗಬಹುದೆಂಬ ಎಚ್ಚರಿಕೆಯನ್ನು ಔಷಧದ ಮೇಲೇ ಅಚ್ಚು ಹಾಕಿದ್ದಾರೆ. ರಾಮನ್ ವಿಧಾನದ ಹಿರಿಮೆ ಇಲ್ಲೇ ಇದೆ: ಅದಕ್ಕೆ ಯಾವ ಮದ್ದೂ ಬೇಡ. ಮೈಯಲ್ಲಿರುವ ಅಣುಗಳೇ ಅದಕ್ಕೆ ಸಾಕ್ಷಿ.

ಇಲಿಯಲ್ಲಿ ಸಫಲವಾದುದು ಮನುಷ್ಯರಲ್ಲಿ ವಿಫಲವಾದ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ತುಂಬ ಇವೆ. ಇಲಿಗೆ ಕ್ಯಾನ್ಸರನ್ನು ನಾವು ತಂದು ಅಂಟಿಸಿರುತ್ತೇವೆ. ಅದರ ಮೈ ನಮ್ಮ ಹೆಬ್ಬೆರಳಿನಷ್ಟು. ಆದುದರಿಂದ ವಿಜ್ಞಾನಿಗಳು ನಾಯಿಗಳತ್ತ ತಿರುಗಿದರು. ನಾಯಿಯಲ್ಲಿ ಸ್ತನದ ಗಂಟು ತಾನಾಗಿಯೇ, ವಯಸ್ಸಾದ ಮೇಲೆ, ನಮ್ಮಂತೆಯೇ ಹುಟ್ಟುತ್ತದೆ. ಅದು ನಮ್ಮ ಮನೆಯ ಗಾಳಿಯನ್ನೇ ಉಸಿರಾಡಿ, ನಮ್ಮ ಅನ್ನವನ್ನೇ ಉಂಡು ಬದುಕಿದ ಪ್ರಾಣಿ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ಸ್ತನದ ಗಂಟುಗಳಿದ್ದ ಸಾಕುನಾಯಿಗಳಿಗೆ ಶಸ್ತ್ರಚಿಕಿತ್ಸೆಯ ಮುನ್ನ ಇಂಡೋಸಯನೀನ್ ಹಸಿರನ್ನು ಕೊಟ್ಟು, ಆ ಗಂಟುಗಳು ಕ್ಯಾಮರಾದಲ್ಲಿ ಹೊಳೆದು ಕಾಣುತ್ತವೆಂದು 2020ರಲ್ಲಿ ವರದಿ ಮಾಡಿದರು. ಇಲ್ಲಿ ಗಮನಿಸಬೇಕಾದುದು, ಆ ನಾಯಿಗಳನ್ನು ಪ್ರಯೋಗಕ್ಕಾಗಿ ರೋಗಿಗಳನ್ನಾಗಿ ಮಾಡಲಿಲ್ಲ. ರೋಗವಿದ್ದ ನಾಯಿಗೆ ಚಿಕಿತ್ಸೆಯಾಯಿತು, ಮನುಷ್ಯರಿಗೆ ತಿಳಿವಳಿಕೆಯಾಯಿತು. ಪ್ರಾಣಿಗಳ ಮೇಲಿನ ಪ್ರಯೋಗವೆಂದರೆ ಮುಖ ಸಿಂಡರಿಸುವ ನನಗೂ ಇದರಲ್ಲಿ ಆಕ್ಷೇಪಣೆ ಕಾಣಲಿಲ್ಲ.

ಪ್ರಾಣಿಗಳ ಮಾತು ಬಂದುದರಿಂದ ನಮ್ಮ ಹಟ್ಟಿಯ ಕಡೆಗೂ ಒಂದು ನೋಟ ಹರಿಸೋಣ. ಹೆಣ್ಣುನಾಯಿಗೆ ಸಾಮಾನ್ಯವಾಗಿ ಐದು ಜೊತೆ ಮೊಲೆಗಳು. ಸಂತಾನಹರಣ ಮಾಡಿಸದ ಹೆಣ್ಣುನಾಯಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಗಂಟು ಸ್ತನದ್ದೇ. ಅವುಗಳಲ್ಲಿ ಸುಮಾರು ಅರ್ಧದಷ್ಟು ನಿರಪಾಯವಾದವು. ಬೆಕ್ಕಿನಲ್ಲಿ ಹಾಗಲ್ಲ, ಬಹುತೇಕ ಎಲ್ಲವೂ ಮಾರಕ. ಎಳೆಯದರಲ್ಲೇ ಸಂತಾನಹರಣ ಮಾಡಿಸಿದರೆ ನಾಯಿಗೆ ಈ ರೋಗದ ಭಯ ಬಹಳ ಕಡಿಮೆಯಾಗುತ್ತದೆಂಬುದನ್ನು ಪಶುವೈದ್ಯರು ಐವತ್ತು ವರ್ಷಗಳ ಹಿಂದೆಯೇ ಕಂಡುಕ್ಟೊಂಡಿದ್ದಾರೆ. ಇನ್ನು ಆಕಳು ಎಮ್ಮೆಗಳಿಗೆ ಕೆಚ್ಚಲಿನ ಕ್ಯಾನ್ಸರ್ ತೀರ ಅಪರೂಪ. ಕೆಚ್ಚಲು ಗಟ್ಟಿಯಾಗಿ, ಬಿಸಿಯಾಗಿ, ಹಾಲು ಒಡೆದು ಬಂದರೆ ಅದು ಕೆಚ್ಚಲು ಬಾವು. ಅದಕ್ಕೆ ಅಂದೇ ಪಶುವೈದ್ಯರನ್ನು ಕರೆಸಬೇಕು. ಎಮ್ಮೆಗೆ ಏಡಿಗಂತಿಯಾಯಿತೆಂದು ಕಟುಕರಿಗೆ ಮಾರಬೇಕಾದುದಿಲ್ಲ.

ಮತ್ತೆ ಮನುಷ್ಯರ ವಿಷಯಕ್ಕೆ ಬರೋಣ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಹೆಣ್ಣುಮಗಳಿಗೆ ಈ ಬೆಳಕಿನಿಂದ ಏನು ಪ್ರಯೋಜನ? ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ರಾಮನ್ ಕಡ್ಡಿ ಪ್ರಪಂಚದಲ್ಲಿ ಎಲ್ಲಿಯೂ ಸ್ತನದ ಶಸ್ತ್ರಚಿಕಿತ್ಸೆಯ ದಿನನಿತ್ಯದ ಉಪಕರಣವಾಗಿಲ್ಲ. ಆದರೂ ಅದು ಬಂದಾಗ ದೊಡ್ಡ ಲಾಭ ಆಗಬೇಕಾದುದು ನಮ್ಮಂಥವರಿಗೇ. ಹೈದರಾಬಾದಿನಲ್ಲಿ ಮನೆಯುಳ್ಳವಳಿಗೆ ಎರಡನೆಯ ಶಸ್ತ್ರಚಿಕಿತ್ಸೆ ಎಂದರೆ ಇನ್ನೊಂದು ವಾರದ ಕಷ್ಟ. ಕೃಷ್ಣೆಯ ದಂಡೆಯ ಹಳ್ಳಿಯವಳಿಗೆ ಅದು ಇನ್ನೊಂದು ಸಲ ಬಸ್ಸಿನ ಖರ್ಚು, ಜೊತೆಗೆ ಹೋದವರ ಕೂಲಿ ನಷ್ಟ, ಮಕ್ಕಳನ್ನು ಯಾರದೋ ಮನೆಯಲ್ಲಿ ಬಿಡುವುದು. ಚಿಕಿತ್ಸೆಯ ವೆಚ್ಚವನ್ನು ಆರೋಗ್ಯಶ್ರೀ ವಹಿಸಿದರೂ ಇವನ್ನು ವಹಿಸುವವರಿಲ್ಲ. ಎಷ್ಟೋ ಮಂದಿ, ಇನ್ನೊಂದು ಸಲ ಬೇಡ, ಮೊದಲೇ ಪೂರ್ತಿ ತೆಗೆದುಬಿಡಿ ಎನ್ನುತ್ತಾರೆ. ಸ್ತನವನ್ನು ಉಳಿಸಿಕೊಂಡರೆ ಮೂರರಿಂದ ಐದು ವಾರಗಳ ವಿಕಿರಣ ಚಿಕಿತ್ಸೆ ಬೇಕಾಗುವುದರಿಂದ ಅಷ್ಟು ದಿನ ಪಟ್ಟಣದಲ್ಲಿ ಉಳಿಯಲಾರದೆಯೂ ಹಾಗೆನ್ನುತ್ತಾರೆ. ಬಡತನವೇ ಇಲ್ಲಿ ಹಾಲ್‌ಸ್ಟೆಡ್ ಆಗಿ ಕೊಯ್ಯುತ್ತಿದೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಅಂಚನ್ನು ಹುಡುಕುವ ಪ್ರಶ್ನೆ ಏಳುವುದು ಗಂಟು ಚಿಕ್ಕದಿದ್ದಾಗ. ನೋವಿಲ್ಲದ ಗಂಟೆಂದು ಅಲಕ್ಷಿಸಿ, ಗಂಡನಿಗೂ ಹೇಳದೆ, ಅದು ಚರ್ಮವನ್ನು ಒಡೆದು ಹುಣ್ಣಾದ ಮೇಲೆ ರಾಯಚೂರಿಗೋ ಹೈದರಾಬಾದಿನ ಎಂ. ಎನ್. ಜೆ. ಆಸ್ಪತ್ರೆಗೋ ಓಡಿದರೆ ಯಾವ ಬೆಳಕೂ ಶಸ್ತ್ರವೈದ್ಯರ ನೆರವಿಗೆ ಬರಲಾರದು. 30 ವರ್ಷ ದಾಟಿದ ಹೆಂಗಸರ ಸ್ತನವನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಕೈಯಿಂದ ಮುಟ್ಟಿ ಪರೀಕ್ಷಿಸುವ ಏರ್ಪಾಡು ಸರ್ಕಾರದ ಕಾರ್ಯಕ್ರಮದಲ್ಲಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅತ್ತೆಯವರು ಸೊಸೆಯನ್ನು ಕಳಿಸಿಕೊಡಲಿ, ತಾವೂ ಹೋಗಲಿ. ವಯಸ್ಸಾದವರಿಗೂ ಈ ರೋಗ ಬಾರದಿರುವುದಿಲ್ಲ.

ಕಡೆಯದಾಗಿ, ಶಸ್ತ್ರಚಿಕಿತ್ಸೆಯಾದ ಮನೆಯವರಿಗೆ ಉಪಯೋಗವಾಗುವ ಒಂದು ವಿವರ. ನಾವು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಆಡುವ ಜನ. ವರದಿ ಬರುವುದು ಇಂಗ್ಲಿಷಿನಲ್ಲಿ. ಅದರಲ್ಲಿ 'ಮಾರ್ಜಿನ್' ಎಂಬ ಶಬ್ದವಿರುತ್ತದೆ. ಅದೇ ನಾವು ಇಷ್ಟು ಹೊತ್ತು ಹೇಳಿದ ಅಂಚು. ಅದರ ಮುಂದೆ 'ನೆಗೆಟಿವ್' ಎಂದಿದ್ದರೆ ಅಂಚು ಶುದ್ಧವಾಗಿದೆ ಎಂದರ್ಥ; ಆ ಶಬ್ದವನ್ನು ಕಂಡು ಅಳಬೇಕಾಗಿಲ್ಲ. 'ಪಾಸಿಟಿವ್' ಎಂದಿದ್ದರೆ ಅಂಚಿನಲ್ಲಿ ರೋಗವಿದೆ ಎಂದರ್ಥ. ಅದೇ ಕಾಗದದಲ್ಲಿ 'ಇ. ಆರ್.', 'ಪಿ. ಆರ್.' ಎಂಬ ಅಕ್ಷರಗಳ ಮುಂದೆಯೂ 'ಪಾಸಿಟಿವ್' ಎಂದು ಬರೆದಿರಬಹುದು. ಅದು ಅಂಚಿನ ವಿಷಯವಲ್ಲ. ಗುಳಿಗೆಯ ಔಷಧ ಕೆಲಸ ಮಾಡುವ ಜಾತಿಯ ಗಂಟು ಎಂಬುದರ ಸೂಚನೆ. ಎರಡನ್ನೂ ಕಲಸಿಕೊಂಡು ಗಾಬರಿಯಾದ ಮನೆಗಳನ್ನು ನಾನು ಕಂಡಿದ್ದೇನೆ. ಆ ಕಾಗದವನ್ನು ಮಡಚಿ ಗೂಡಿನಲ್ಲಿಡದೆ ಪ್ರತಿಸಲವೂ ವೈದ್ಯರ ಬಳಿಗೆ ಒಯ್ಯಿರಿ, ಅಂಚಿನ ಸಾಲು ಯಾವುದೆಂದು ಅವರಿಂದಲೇ ಕೇಳಿ ಪೆನ್ಸಿಲಿನಲ್ಲಿ ಗುರುತು ಹಾಕಿಸಿಕೊಳ್ಳಿರಿ.